ಬೇರೆ ಮನೆಯ ತಟ್ಟೆ

ಪ್ರಯೋಗಾಲಯದ ಇಲಿಮನೆಯನ್ನು ಹನ್ನೊಂದು ವರ್ಷದಿಂದ ನೋಡಿಕೊಳ್ಳುತ್ತಿದ್ದವಳಿಗೆ ‘ಇಲಿಯಕ್ಕ’ ಎಂಬ ಹೆಸರು ಅಂಟಿಕೊಂಡಿತ್ತು, ಪ್ರೀತಿಯಿಂದೇನೂ ಅಲ್ಲ. ಅವಳು ಲಿಫ್ಟಿಗೆ ಕಾಲಿಟ್ಟರೆ ಉಳಿದವರ ಕೈ ಮೂಗಿಗೆ ಹೋಗುತ್ತಿತ್ತು. ಅವಳೇನು ಕಮ್ಮಿಯಿರಲಿಲ್ಲ. ಪಂಜರದ ಮುಚ್ಚಳ ಸರಿಯಾಗಿ ಹಾಕದವರು ಎಷ್ಟೇ ಓದಿದವರಾಗಿರಲಿ, ನಿಂತಲ್ಲೇ ನೀರಿಳಿಸುತ್ತಿದ್ದಳು.

ಅಲ್ಲಿ ಎರಡು ವಂಶದ ಕರಿ ಇಲಿಗಳಿದ್ದವು. ನೋಡಲು ಥೇಟ್ ಒಂದೇ. ಒಂದರ ಪಂಜರಕ್ಕೆ ಹಸಿರು ಚೀಟಿ, ಇನ್ನೊಂದಕ್ಕೆ ಹಳದಿ. ಚೀಟಿ ಬಿದ್ದುಹೋಗಬಹುದೆಂದು, ತಾಯಿಯಿಂದ ಬಿಡಿಸಿದ ದಿನವೇ ಅವಳು ಮರಿಗಳ ಕಿವಿಗೆ ತೂತು ಹಾಕುತ್ತಿದ್ದಳು. ಹಸಿರಿನವಕ್ಕೆ ಬಲಗಿವಿ, ಹಳದಿಯವಕ್ಕೆ ಎಡಗಿವಿ. ‘ಕಿವಿ ನೋಡಿಯೇ ಇಲಿ ತೆಗೆಯಿರಿ’ ಎಂದು ಮುಖ್ಯಸ್ಥರ ಸಹಿಯ ಹಾಳೆಯೊಂದು ಗೋಡೆಯ ಮೇಲಿತ್ತು.

ಒಂದು ಸೋಮವಾರ ಮುಖ್ಯಸ್ಥರು ಕರೆಸಿದರು. ಪಕ್ಕದಲ್ಲಿ ಸಂಶೋಧನಾ ವಿದ್ಯಾರ್ಥಿ ಕೈಕಟ್ಟಿ ನಿಂತಿದ್ದ.

“ಏನಮ್ಮಾ, ಚೀಟಿ ಅದಲುಬದಲು ಮಾಡಿದೀಯಂತೆ? ಇವನ ಒಂದು ತಿಂಗಳ ಕೆಲಸ ಮಣ್ಣುಪಾಲು. ತಪ್ಪಾಯ್ತು ಅಂತ ಈ ಕಾಗದಕ್ಕೆ ಸಹಿ ಹಾಕು.”

ಸಹಿ ಹಾಕಿದರೆ ಮನೆಗೆ ಕಳಿಸುತ್ತಾರೆಂದು ಅವಳಿಗೆ ಗೊತ್ತಿತ್ತು.

“ಏನು ಕೆಟ್ಟಿದೆ ಅಂತ ಮೊದಲು ಹೇಳಿ ಸಾರ್.”

“ಹೇಳಿದ್ರೆ ನಿಂಗೆ ಅರ್ಥ ಆಗತ್ತಾ?” ವಿದ್ಯಾರ್ಥಿ ನಕ್ಕ.

“ನೀನು ಬರೋಕೆ ಮುಂಚಿಂದ ಇದನ್ನೆಲ್ಲ ಕೇಳ್ತಿದೀನಿ, ಹೇಳಪ್ಪ.”

ಇಲಿಯ ಮೂಳೆಮಜ್ಜೆಯಿಂದ ಅವನು ಡೆಂಡ್ರೈಟಿಕ್ ಕೋಶಗಳನ್ನು ಬೆಳೆಸಿದ್ದ. ರೋಗಾಣುವಿನ ಪ್ರೋಟೀನು ಸಿಕ್ಕರೆ ಈ ಕೋಶ ಅದನ್ನು ನುಂಗಿ, ಚೂರು ಮಾಡಿ, ಒಂದೊಂದು ಚೂರನ್ನು ತನ್ನ ಮೈಮೇಲಿನ ಪುಟ್ಟ ತಟ್ಟೆಗಳಲ್ಲಿಟ್ಟು, ಮೈ ಕಾಯುವ ಟಿ ಕೋಶಕ್ಕೆ ತೋರಿಸುತ್ತದೆ. ಚೂರು ಪರಕೀಯವೆಂದು ಗುರುತಿಸಿದ ಟಿ ಕೋಶ ಕೆರಳಿ, ಒಂದು ನೂರಾಗುತ್ತದೆ. ಇವನು ಎರಡೂ ಕೋಶಗಳನ್ನು ಪ್ಲಾಸ್ಟಿಕ್ ಫಲಕದ ಪುಟ್ಟ ಗುಳಿಗಳಲ್ಲಿ ಬೆರೆಸಿದ್ದ; ಪ್ರೋಟೀನೇ ಹಾಕದ ಗುಳಿಗಳಲ್ಲೂ ಟಿ ಕೋಶಗಳು ಕೆರಳಿ ಕುಣಿದಿದ್ದವು.

“ಟಿ ಕೋಶ ಚೂರನ್ನಷ್ಟೇ ನೋಡಲ್ಲ ಸಾರ್, ತಟ್ಟೇನೂ ನೋಡತ್ತೆ,” ಎಂದಳು. “ತಟ್ಟೆ ಬೇರೆ ಮನೇದಾದ್ರೆ ಮುಗೀತು, ಮೇಲೆ ಬೀಳತ್ತೆ. ಮಜ್ಜೆ ಒಂದು ವಂಶದ್ದು, ಟಿ ಕೋಶ ಇನ್ನೊಂದರದ್ದು.”

“ಅದನ್ನೇ ಹೇಳ್ತಿರೋದು! ಎರಡಕ್ಕೂ ಹಸಿರು ಚೀಟಿ ನೋಡೇ ತಗೊಂಡೆ,” ವಿದ್ಯಾರ್ಥಿ ದನಿಯೇರಿಸಿದ.

ಅವಳು ಹೊರಟು, ಸುಡುವುದಕ್ಕೆಂದು ಫ್ರೀಜರಿನಲ್ಲಿಟ್ಟಿದ್ದ ಸತ್ತ ಇಲಿಗಳ ಎರಡು ಚೀಲ ತಂದಳು. ಎರಡರ ಮೇಲೂ ಯಾವುದರಿಂದ ಏನು ತೆಗೆದದ್ದೆಂದು ಅವನದೇ ಬರಹ, ತಾರೀಖು. ಮುಖ್ಯಸ್ಥರ ಕಾಗದಪತ್ರಗಳ ಮೇಲೆಯೇ ಇಟ್ಟಳು. ಟಿ ಕೋಶ ತೆಗೆದ ಇಲಿಗೆ ಬಲಗಿವಿಯಲ್ಲಿ ತೂತು, ಮಜ್ಜೆ ತೆಗೆದ ಇಲಿಗೆ ಎಡಗಿವಿಯಲ್ಲಿ.

“ಚೀಟಿ ನಾನೇ ಬದಲಾಯಿಸಿದೆ ಅಂತಲೇ ಇಟ್ಕೊಳ್ಳಿ. ಕಿವಿ ನೋಡಿದ್ಯಾ ಅಂತ ಕೇಳಿ ಇವನನ್ನ.”

ಮುಖ್ಯಸ್ಥರು ಅವನತ್ತ ತಿರುಗಿದರು.

“ನೋಡಿದ್ಯೇನೋ?”

“ಮಜ್ಜೆಗೆ ಇಲಿ ತೆಗೆಯೋ ದಿನ ಅವಸರದಲ್ಲಿದ್ದೆ ಸಾರ್... ಮುಚ್ಚಳ ತೆಗೆದಾಗ ಎರಡೂ ಪಂಜರದ ಚೀಟಿ ಬಿದ್ವು. ಎತ್ತಿ ಸಿಕ್ಕಿಸಿದೆ.”

“ಅವತ್ತು ಸಂಜೆ ನಾನು ಕಿವಿ ನೋಡಿ ಚೀಟಿ ಸರಿಮಾಡ್ದೆ, ಅದಕ್ಕೇ ಆಮೇಲೆ ಟಿ ಕೋಶಕ್ಕೆ ಇವನಿಗೆ ಸರಿಯಾದ ಇಲಿ ಸಿಕ್ತು. ಯಾವನ ಕೆಲಸ ಅಂತ ಆಗ ಗೊತ್ತಿರ್ಲಿಲ್ಲ,” ಎಂದಳು ಇಲಿಯಕ್ಕ.

ಮುಖ್ಯಸ್ಥರು ಚೀಲಗಳಿಂದ ಕುರ್ಚಿ ಹಿಂದಕ್ಕೆ ಸರಿಸಿದರು. “ಆಯ್ತು, ಈ ಚೀಲ ಎತ್ಕೊಂಡು ಹೋಗು. ಕೆಲಸ ನೋಡ್ಕೋ.”

ಅವಳು ಕದಲಲಿಲ್ಲ. “ಆ ಕಾಗದ ಕೊಡಿ.”

“ಯಾಕೆ?”

“ನನ್ನ ಹೆಸರಿದೆ ಅದರಲ್ಲಿ.”

ಕೊಟ್ಟರು. ಅಲ್ಲೇ ನಿಂತು ನಾಲ್ಕು ಚೂರು ಮಾಡಿ ಮೇಜಿನ ಮೇಲೆ ಹಾಕಿದಳು. ಇಲಿಗಳನ್ನೂ ಅಲ್ಲೇ ಬಿಟ್ಟು, “ಚೀಲ ಇವನು ತರ್ತಾನೆ,” ಎಂದು ನಡೆದಳು.