ರಷ್ಯಾ ರೈಲಿನ ರಿಹರ್ಸಲ್

ವಿಶಾಖಪಟ್ಟಣದ ಟೌನ್‌ಶಿಪ್ಪಿನಲ್ಲಿ ನಮ್ಮ ಪಕ್ಕದ ಮನೆಯವರಾಗಿದ್ದ ಮಂಡ್ಯದ ಇಂಜಿನಿಯರು, ಹೆಂಡತಿಯೊಡನೆ ರಷ್ಯಾದ ಸ್ಲೀಪರ್ ರೈಲು ಹತ್ತಲು ವರ್ಷಗಟ್ಟಲೆ ತಯಾರಾಗುತ್ತಿದ್ದರು. ಆಂಟಿಯ ಸ್ವೆಟರ್ ಎಂದೋ ಸಿದ್ಧವಾಗಿತ್ತು. ಹೋಗುವುದು ಯಾವಾಗ ಎಂದರೆ ಅಂಕಲ್ ಬೆರಳೆತ್ತಿ, "ಅಭ್ಯಾಸ ಮುಖ್ಯ ಕಣಯ್ಯಾ" ಎನ್ನುವರು.

ಕೊನೆಗೆ ವಿಜಯವಾಡದವರೆಗೆ ರಿಹರ್ಸಲ್ ಎಂದು ಆಂಟಿಯನ್ನೂ ನನ್ನನ್ನೂ ಹೊರಡಿಸಿದರು. ರೈಲು ಹತ್ತಿದ ಕೂಡಲೇ ಸೂಟ್‌ಕೇಸನ್ನು ಬರ್ತಿನ ಕೆಳಗೆ ಸರಪಳಿಯಿಂದ ಬಿಗಿದು ಬೀಗ ಒತ್ತಿದರು.

"ಖಾಲಿ ಸೂಟ್‌ಕೇಸಿಗೆ ಬೀಗ ಯಾಕೆ ಅಂಕಲ್?"

"ಅಭ್ಯಾಸ ಮುಖ್ಯ ಕಣಯ್ಯಾ!"

ವಿಜಯವಾಡ ಬಂದಾಗ ನೋಡಿದರೆ, ಕೀಲಿ ಮನೆಯಲ್ಲೇ ಉಳಿದಿತ್ತು.

"ಏಮಂಡೀ, ಸೂಟ್‌ಕೇಸ್ ಬಿಟ್ಟು ಇಳೀರೀ!" ಎಂದು, ನನ್ನೊಡನೆ ಇಳಿದಿದ್ದ ಆಂಟಿ ತೆಲುಗು ಬೆರೆಸಿ ಪ್ಲಾಟ್‌ಫಾರ್ಮಿನಿಂದ ಕೂಗಿದರು. ಇವರು ಸರಪಳಿ ಜಗ್ಗುತ್ತಲೇ ಇದ್ದರು. ರೈಲು ಚೆನ್ನೈ ಕಡೆಗೆ ಕದಲಿತು.

ಆಂಟಿ ಕಿಟಕಿಯ ಜೊತೆಗೇ ನಡೆಯುತ್ತ ಹೇಳಿದರು: "ರಷ್ಯಾಕ್ಕೆ ನಾನೂ ನನ್ನ ತಂಗೀನೂ ಹೋಗಿಬರ್ತೀವಿ. ನೀವು ಸೂಟ್‌ಕೇಸ್ ನೋಡ್ಕೊಂಡಿರಿ."