ಸ್ಟಿಕ್ಕರ್ ದಾಟಿದ ಸಾಲು

ಮುಖ ತೊಳೆಯಲು ಹೋದಾಗ ಕನ್ನಡಿಯ ಬಲ ಅಂಚಿನಲ್ಲಿ ಒಂದು ಕೆಂಪು ಸ್ಟಿಕ್ಕರ್ ಅಂಟಿಕೊಂಡಿತ್ತು. ಮೊಮ್ಮಗಳು ಹಣೆಯಿಂದ ತೆಗೆದು ಅಲ್ಲಿಟ್ಟಿರಬೇಕು. ಹೆಣ್ಣುಮಕ್ಕಳಿರುವ ಎಲ್ಲ ಮನೆಯ ಕನ್ನಡಿಯಲ್ಲೂ ಕಾಣುವಂಥದ್ದೇ. ಆದರೆ ಅದು ಕೂತಿದ್ದ ಜಾಗ, ಗಾಜಿನ ಬಲತುದಿ, ಸ್ವಲ್ಪ ಮೇಲಕ್ಕೆ... ಸೋಪಿನ ಕೈಯಲ್ಲೇ ನಿಂತುಬಿಟ್ಟೆ. ಅಂಥದೇ ಸ್ಟಿಕ್ಕರ್ ಅದೇ ಜಾಗದಲ್ಲಿ ಒಂದು ಕಂಪ್ಯೂಟರಿನ ಗಾಜಿನ ಮೇಲೆ ಎಷ್ಟೋ ವರ್ಷ ಇತ್ತು. ಅದನ್ನು ಅಂಟಿಸಿದ್ದವರು ನನ್ನ ಪಕ್ಕದಂಗಡಿಯಾಕೆ.

ಚಾಮರಾಜಪುರಂನಲ್ಲಿ ನಮ್ಮಿಬ್ಬರ ಅಂಗಡಿಗಳಿಗೆ ನಡುವೆ ಒಂದೇ ಗೋಡೆ. ಎಸ್ಸೆಸ್ಸೆಲ್ಸಿ ಮುಗಿಸಿ ಟೈಪಿಂಗ್ ಕಲಿತ ನಾನು ಅಲ್ಲಿ ಮೊದಲು ಟೈಪ್‌ರೈಟರ್ ಇಟ್ಟೆ, ಆಮೇಲೆ ಜೆರಾಕ್ಸ್, ಇಂಟರ್ನೆಟ್ ಬಂದ ಮೇಲೆ ಕಂಪ್ಯೂಟರ್. ಆಕೆ ನನಗಿಂತ ಬಹಳ ಚಿಕ್ಕವರು, ನನ್ನ ನಂತರ ಅಂಥದೇ ಅಂಗಡಿ ತೆರೆದವರು. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುತ್ತ ಮದುವೆಯ ಮಾತನ್ನು ಮುಂದಕ್ಕೆ ಹಾಕುತ್ತ ಬಂದಿದ್ದರು. ಆಗೆಲ್ಲ ಮನಸ್ಸಿನಲ್ಲಿ ನಾನು ‘ಅವಳು’ ಎಂದೇ ಅನ್ನುತ್ತಿದ್ದೆ. ಈಗ ಹಾಗೆ ಬರೆಯಲು ಕೈ ಬರುವುದಿಲ್ಲ.

ಆಗ ಜಾತಕಗಳು ಅಂಚೆಯಿಂದ ಈಮೇಲಿಗೆ ಹೊರಳುತ್ತಿದ್ದ ಕಾಲ. ನಮ್ಮಿಬ್ಬರಲ್ಲೂ ಸ್ಕ್ಯಾನರ್ ಇರಲಿಲ್ಲ. ಕುಂಡಲಿಯನ್ನು ಕೀಬೋರ್ಡಿನಲ್ಲೇ ಬರೆಯಬೇಕಿತ್ತು. ಅಡ್ಡಗೆರೆ, ಉದ್ದಗೆರೆ ಒತ್ತಿ ಒತ್ತಿ ಸುತ್ತ ಹನ್ನೆರಡು ಮನೆ ಕಟ್ಟಿ, ಒಳಗೆ ಇಂಗ್ಲಿಷ್ ಅಕ್ಷರಗಳಲ್ಲಿ ಗ್ರಹಗಳನ್ನು ಕೂರಿಸಬೇಕು. ಕಷ್ಟವೇನೆಂದರೆ, ಸಾಲು ಇಂತಿಷ್ಟು ಅಕ್ಷರಕ್ಕಿಂತ ಉದ್ದವಾದರೆ ಮೇಲ್ ಅದನ್ನು ತಾನೇ ಮುರಿದು, ಉಳಿದದ್ದನ್ನು ಕೆಳಗಿನ ಸಾಲಿಗೆ ದಬ್ಬುತ್ತಿತ್ತು. ಪತ್ರವಾದರೆ ಹೇಗೋ ಓದಿಕೊಳ್ಳಬಹುದು. ಕುಂಡಲಿಯಲ್ಲಿ ಬಲಗಡೆಯ ಮನೆ ಹೋಗಿ ಕೆಳಗಿನ ಸಾಲಿನ ಎಡಗಡೆ ಬೀಳುತ್ತಿತ್ತು.

ನನ್ನ ಕುಂಡಲಿಗಳು ಹೀಗೆ ಮುರಿಯುತ್ತಿದ್ದವು. ಆಕೆಯವು ಮುರಿಯುತ್ತಿರಲಿಲ್ಲ. ಕುಂಬಾರಕೊಪ್ಪಲಿನಿಂದ ಬರುತ್ತಿದ್ದ ಪುರೋಹಿತರೊಬ್ಬರು ಒಂದು ದಿನ ನನ್ನ ಬಾಗಿಲಲ್ಲೇ ನಿಂತು, “ನಿಮ್ಮಲ್ಲಿ ಕೊಟ್ರೆ ಗ್ರಹಗಳೆಲ್ಲ ಮನೆ ಖಾಲಿ ಮಾಡ್ಕೊಂಡು ಓಡೋಗ್ತವೆ ಕಣ್ರೀ” ಎಂದು ನಕ್ಕು, ಪಕ್ಕದ ಮೆಟ್ಟಿಲು ಹತ್ತಿದರು. ಅವರ ಹಿಂದೆಯೇ ಉಳಿದವರೂ ಹೋದರು. ಆಕೆಯ ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳು ನನ್ನ ಮೆಟ್ಟಿಲವರೆಗೂ ಬರುತ್ತಿದ್ದವು. ಅವನ್ನು ದಿನಾ ಕಾಲಿನಿಂದ ಆಚೆಗೆ ಸರಿಸುತ್ತಿದ್ದೆ. ಗೋಡೆಯಾಚೆ ಕೀಬೋರ್ಡಿನ ಸದ್ದು, ನಡುನಡುವೆ ನಗು. ಆ ನಗು ನನ್ನನ್ನು ಕುರಿತದ್ದೇ ಎಂದು ನನಗೆ ಖಾತ್ರಿಯಿತ್ತು. ಊಟ ತಂದ ಹೆಂಡತಿ ಒಮ್ಮೆ, “ಆ ಗೋಡೇನ ಹಂಗ್ ನೋಡ್ತಿದ್ರೆ ತೂತು ಬೀಳತ್ತೆ ಅಷ್ಟೇ, ಗಿರಾಕಿ ಬೀಳಲ್ಲ” ಅಂದಳು.

ಆಕೆಗೆ ಗುಟ್ಟು ಮಾಡುವ ಬುದ್ಧಿ ಇರಲಿಲ್ಲ. ತಾವೇ ಕರೆದು ತೋರಿಸಿದರು. “ನೋಡಿ ಅಣ್ಣ, ಈ ಸ್ಟಿಕ್ಕರ್ ದಾಟ್ಬಾರ್ದು. ದಾಟೋಕ್ ಮುಂಚೆ ಎಂಟರ್ ಒತ್ಬುಡಿ. ಆಮೇಲೆ ನಿಮ್ ಸೆಟ್ಟಿಂಗಲ್ಲಿ ಸಾಲಿನ ಅಗಲ ತೀರಾ ಕಮ್ಮಿ ಇದೆ ಅನ್ಸತ್ತೆ. ಅದೊಂಚೂರು ಜಾಸ್ತಿ ಮಾಡ್ಕೊಳಿ, ಅಷ್ಟೇ.”

ಅಷ್ಟೇ. ಆ ಒಂದು ಮಾತು ನನಗೆ ಕೆನ್ನೆಗೆ ಹೊಡೆದಂತಾಯಿತು. ನಾನು ಟೈಪ್ ಮಾಡುತ್ತಿದ್ದ ಕಾಲಕ್ಕೆ ಈಕೆ ಶಾಲೆಗೆ ಹೋಗುತ್ತಿದ್ದವಳು, ನನಗೆ ಹೇಳಿಕೊಡುವುದೇ? ಸೆಟ್ಟಿಂಗ್ ಎಲ್ಲಿದೆ ಎಂದು ಗೊತ್ತಾಯಿತು. ಬದಲಾಯಿಸಲಿಲ್ಲ.

ಆ ವರ್ಷ ಆಕೆಗೆ ಒಂದು ಸಂಬಂಧ ಬಂತು. ಹಾಸನದ ಕಡೆಯ ಮೇಷ್ಟ್ರು. ಆಕೆಯ ಮನೆಯಲ್ಲೇ ಇಬ್ಬರೂ ನೋಡಿ ಮಾತಾಡಿದ್ದರು. “ಕಾಫಿಗೆ ಸಕ್ರೆ ಕಮ್ಮಿ ಆಗಿತ್ತಂತೆ ಅಣ್ಣ. ಯಾರ್ಗೂ ಹೇಳ್ದೆ ತಾವೇ ಎದ್ದೋಗಿ ಹಾಕ್ಕೊಂಡ್ ಬಂದ್ರು. ಹಂಗೇ ನಮ್ಮಮ್ಮನ ಲೋಟಕ್ಕೂ ಹಾಕಿದ್ರು” ಎಂದು ಹೇಳುವಾಗ ಆಕೆಯ ಮುಖ... ಅಂಥ ಮುಖವನ್ನು ನಾನು ಆ ಅಂಗಡಿಯಲ್ಲಿ ಅದಕ್ಕೆ ಮುಂಚೆ ಕಂಡಿರಲಿಲ್ಲ. ಜಾತಕ ನೋಡುವುದೊಂದು ಬಾಕಿ ಇತ್ತು. ಆ ಕಡೆಯವರು ಈಮೇಲಿನಲ್ಲಿ ಕಳಿಸಿ ಅಂದಿದ್ದರು.

ಅವತ್ತು ಆಕೆಯ ಅಂಗಡಿಯ ಟೆಲಿಫೋನ್ ಲೈನ್ ಸತ್ತು, ಅದರ ಜೊತೆ ಇಂಟರ್ನೆಟ್ಟೂ ಹೋಗಿತ್ತು. ತಮ್ಮ ಜಾತಕವನ್ನು ತಾವೇ ಟೈಪ್ ಮಾಡಿ, ಫ್ಲಾಪಿಯಲ್ಲಿ ಹಾಕಿಕೊಂಡು ಬಂದರು. “ನಿಮ್ ಈಮೇಲಿಂದಾನೇ ಕಳಿಸ್ಬುಡಿ ಅಣ್ಣ. ಅಮ್ಮಂಗೆ ಮಾತ್ರೆ ಕೊಡ್ಬೇಕು, ಬಂದೆ” ಎಂದು ಫ್ಲಾಪಿಯನ್ನು ನನ್ನ ಕೈಗಿಟ್ಟು ಹೋದರು.

ಕಳಿಸಿದೆ. ಕಳಿಸಿದ್ದನ್ನು ತೆರೆದು ನೋಡಿದೆ. ನನ್ನ ಸೆಟ್ಟಿಂಗಿನ ಅಗಲಕ್ಕೆ ಪ್ರತಿ ಸಾಲೂ ಮುರಿದಿತ್ತು. ಮೇಲಿನ ಸಾಲಿನ ಬಲತುದಿಯಲ್ಲಿ ಸುಮ್ಮನೆ ಕೂತಿದ್ದ ಕುಜ ಕೆಳಗಿಳಿದು ಎಡಗಡೆಯ ಮನೆಗೆ ಬಂದಿದ್ದ. ಅಗಲ ಹೆಚ್ಚಿಸಿ ಇನ್ನೊಮ್ಮೆ ಕಳಿಸಲು ಎಷ್ಟು ಹೊತ್ತು ಬೇಕಿತ್ತು? ಆದರೆ ನನ್ನೊಳಗೆ ಒಂದು ಸಂತೋಷ ಎದ್ದಿತ್ತು. ಅದನ್ನು ಮುಚ್ಚಿಡುವುದಿಲ್ಲ. ‘ಅರ್ಥವಾಗಲಿಲ್ಲ, ಮತ್ತೆ ಕಳಿಸಿ ಅಂತ ಅವರು ಬರೆಯಲಿ. ಇವಳ ಸಾಲೂ ಮುರಿಯುತ್ತದೆ ಅಂತ ಒಂದು ಸಲ ಇವಳಿಗೂ ಗೊತ್ತಾಗಲಿ.’ ನಾನು ಬಯಸಿದ್ದು ಅಷ್ಟೇ. ಅದಕ್ಕಿಂತ ಹೆಚ್ಚಿನದು ಬಯಸಿರಲಿಲ್ಲ ಎಂದು ದೇವರ ಮುಂದೆ ಎಷ್ಟೋ ಸಲ ಹೇಳಿಕೊಂಡಿದ್ದೇನೆ.

ಉತ್ತರ ನನ್ನ ಈಮೇಲಿಗೇ ಬಂತು. ಹುಡುಗನ ಸೋದರಮಾವ ಬರೆದಿದ್ದರು: ಹುಡುಗಿಗೆ ಏಳನೆಯ ಮನೆಯಲ್ಲಿ ಕುಜ ಇರುವುದರಿಂದ ಹಿರಿಯರು ಒಪ್ಪುತ್ತಿಲ್ಲ, ಬೇಸರ ಮಾಡಿಕೊಳ್ಳಬಾರದು.

ಆಕೆಗೆ ಕುಜದೋಷವೇ ಇರಲಿಲ್ಲ. ‘ಏಳನೆಯ ಮನೆ’ ಎಂಬ ಮಾತೊಂದನ್ನು ಕೇಳಿದ್ದರೆ ಆಕೆಗೆ ಅಲ್ಲೇ ತಿಳಿದುಬಿಡುತ್ತಿತ್ತು. ಆ ಮನೆಗಳನ್ನು ಕಟ್ಟಿದವರೇ ಅವರು. ಆದರೆ ಹೇಳಿದರೆ ಮುರಿದದ್ದು ನನ್ನ ಮೆಷಿನ್ನಿನಲ್ಲಿ ಎಂದು ಬೀದಿಗೆಲ್ಲ ಗೊತ್ತಾಗುತ್ತದೆ. ಪುರೋಹಿತರು ಮತ್ತೆ ನಗುತ್ತಾರೆ. ಆ ಉತ್ತರವನ್ನು ಅಳಿಸಿದೆ. ಪಕ್ಕದ ಬಾಗಿಲಿಗೆ ಹೋಗಿ, “ಜಾತಕ ಕೂಡಿಬರ್ಲಿಲ್ವಂತೆ ಕಣಮ್ಮ” ಅಂದೆ.

ನಮ್ಮಲ್ಲಿ ಬೇಡವಾದ ಸಂಬಂಧಕ್ಕೆಲ್ಲ ಹೇಳುವ ಮಾತು ಅದು. ಹುಡುಗಿ ಹಿಡಿಸದಿದ್ದರೂ ಅದೇ, ಮನೆತನ ಹಿಡಿಸದಿದ್ದರೂ ಅದೇ. ಮರ್ಯಾದೆಯುಳ್ಳವರು ಯಾಕೆ ಎಂದು ಕೇಳುವುದಿಲ್ಲ. ಆಕೆಯೂ ಕೇಳಲಿಲ್ಲ. “ಹೌದಾ... ಹೋಗ್ಲಿ ಬುಡಿ ಅಣ್ಣ” ಎಂದು ಕೀಬೋರ್ಡನ್ನು ಹತ್ತಿರ ಎಳೆದುಕೊಂಡರು. ನಾನು ಇನ್ನೂ ನಿಂತೇ ಇದ್ದೆ. ಹೇಳಲು ಆಗಲೂ ಹೊತ್ತಿತ್ತು...

ಅಲ್ಲಿಂದಾಚೆಗೆ ಆಕೆ ಜಾತಕ ಟೈಪ್ ಮಾಡುವುದನ್ನು ಬಿಟ್ಟರು. “ಬೇರೆ ಏನಾದ್ರೂ ಕೊಡಿ, ಮಾಡ್ಕೊಡ್ತೀನಿ. ಇದಕ್ಕೆ ಪಕ್ಕದಲ್ಲಿ ಅಣ್ಣ ಇದಾರೆ” ಎಂದು ಎಲ್ಲರನ್ನೂ ನನ್ನ ಕಡೆಗೆ ಕಳಿಸುತ್ತಿದ್ದರು. ಚಪ್ಪಲಿಗಳು ನನ್ನ ಬಾಗಿಲಿಗೆ ಬಂದವು. ಅಗಲ ಸರಿಪಡಿಸಿದೆ, ಹೆಂಡತಿಯ ಸ್ಟಿಕ್ಕರೊಂದನ್ನು ಗಾಜಿಗೆ ಅಂಟಿಸಿದೆ. ಮತ್ತೆ ಯಾರ ಕುಂಡಲಿಯೂ ಮುರಿಯಲಿಲ್ಲ. ಹೊಟ್ಟೆಯುರಿ ಹೋಗಬೇಕಿತ್ತಲ್ಲ, ಹೋಗಲಿಲ್ಲ. ಗೋಡೆಯಾಚೆ ಈಗ ನಗು ಕೇಳಿಸುತ್ತಿರಲಿಲ್ಲ, ಆದರೂ ಆಕೆ ನೆಮ್ಮದಿಯಾಗಿ ನಿದ್ದೆ ಮಾಡುತ್ತಾರಲ್ಲ ಎಂದು ಅದಕ್ಕೂ ಉರಿಯುತ್ತಿತ್ತು. ತಾಯಿ ತೀರಿಕೊಂಡ ಮೇಲೆ ಅಂಗಡಿ ಮುಚ್ಚಿ ತಮ್ಮನ ಮನೆಗೆ ಹೋದರು.

ಕೊನೆಯ ಸಲ ಕಂಡದ್ದು ಮಾರ್ಕೆಟ್ಟಿನಲ್ಲಿ, ವೀಳ್ಯದೆಲೆ ಕೊಳ್ಳುವಾಗ. ಕೂದಲು ಅರ್ಧ ನೆರೆದಿತ್ತು. ಜೊತೆಯಲ್ಲಿದ್ದ ತಮ್ಮನ ಹೆಂಡತಿಗೆ ನನ್ನನ್ನು ತೋರಿಸಿ, “ಇವರೇ ಕಣೇ, ನನ್ ಜಾತಕ ಕಳ್ಸಿಕೊಟ್ಟ ಅಣ್ಣ. ಇಂಥೋರ ಕೈಯಲ್ಲಿ ಕಳ್ಸಿದ್ದೇ ಕೂಡಿಬರ್ಲಿಲ್ಲ ಅಂದ್ರೆ ನನ್ ಹಣೇಲಿ ಇರ್ಲಿಲ್ಲ ಅಂತ ತಾನೇ?” ಎಂದು ನಕ್ಕರು. ನಾನೂ ನಕ್ಕೆ. ಎಲೆಯ ಕಟ್ಟು ಚೀಲಕ್ಕೆ ಹೋಗದೆ ಕೆಳಗೆ ಬಿತ್ತು. ಆಕೆಯೇ ಬಗ್ಗಿ ಎತ್ತಿಕೊಟ್ಟರು. ಹೋದ ವರ್ಷ ತೀರಿಕೊಂಡರೆಂದು ತಿಳಿದದ್ದು ಎಲ್ಲ ಮುಗಿದ ಮೇಲೆ.

ಸ್ಟಿಕ್ಕರ್ ಕಂಡ ದಿನ ಸಂಜೆ ಮೊಮ್ಮಗಳು ಫೋನ್ ಹಿಡಿದುಕೊಂಡು ಬಂದಳು. ಅವಳಿಗೆ ನೋಡುತ್ತಿರುವ ಹುಡುಗನ ತಾತ ಇನ್ನೂ ಹಳೆಯ ಕಾಲದವರು. ಜಾತಕವನ್ನು ಗೆರೆ ಒತ್ತಿ ಒತ್ತಿ ಈಮೇಲಿನಲ್ಲೇ ಬರೆದಿದ್ದರು. “ಇದೇನ್ ತಾತ, ರಂಗೋಲಿ ಮೇಲೆ ಯಾರೋ ಓಡಾಡ್ದಂಗಿದೆ! ಕುಜ ಎಲ್ಲೋ ಇದಾನೆ. ಅಮ್ಮ ಈಗ್ಲೇ ಬೇಡ ಅಂತಿದಾಳೆ.”

ಫೋನನ್ನು ಅವಳ ಕೈಯಿಂದ ತೆಗೆದುಕೊಂಡು ಅಡ್ಡಕ್ಕೆ ತಿರುಗಿಸಿದೆ. ಸಾಲುಗಳು ಉದ್ದಕ್ಕೆ ಹರಡಿಕೊಂಡವು. ಗ್ರಹಗಳೆಲ್ಲ ತಮ್ಮ ತಮ್ಮ ಮನೆಗೆ ಹೋದವು. ಕುಜ ಬಲತುದಿಗೆ ಹೋಗಿ ಸುಮ್ಮನೆ ಕೂತ.

“ಅಯ್ಯೋ, ಇಷ್ಟೇನಾ! ನಿಮಗೆ ಯಾರ್ ಹೇಳ್ಕೊಟ್ರು ತಾತ?”

“ಪಕ್ಕದಂಗಡಿಯೋರು ಕಣಮ್ಮ” ಅಂದೆ.

ಅವಳು ಅಮ್ಮನಿಗೆ ತೋರಿಸಲು ಓಡಿದಳು. ಆಕೆ ಹೇಳಿಕೊಟ್ಟದ್ದನ್ನು ಊರಿನವರಿಗೆಲ್ಲ ಮಾಡಿಕೊಟ್ಟಿದ್ದೇನೆ. ಈಗ ನನ್ನ ಮನೆಯ ಮಗುವಿಗೂ ಮಾಡಿಕೊಟ್ಟೆ. ಆಕೆಯೊಬ್ಬರಿಗೆ ಮಾತ್ರ ಮಾಡಿಕೊಡಲಿಲ್ಲ.