ಊಟದ ಡಬ್ಬಿಯಲ್ಲಿದ್ದ ಸಲಹೆ

ಪುಣೆ ಹತ್ತಿರದ ಭೋಸರಿಯ ಒಂದು ಕಾರ್ಖಾನೆಗೆ ನಾನು ಹೊರಗಿನ ಸಲಹೆಗಾರನಾಗಿ ಹೋಗುತ್ತಿದ್ದೆ; ಕಾರ್ಮಿಕರಿಂದ ಹೊಸ ಹೊಸ ಯೋಚನೆ ಹೊರತೆಗೆಯುವುದು ನನ್ನ ಕೆಲಸವಾಗಿತ್ತು. ಎಂಬತ್ತರ ದಶಕದ ಮೊದಲ ವರ್ಷಗಳು. ಕಂಪನಿಗಳಿಗೆಲ್ಲ ಆಗ ಅದೇ ಹುಚ್ಚು. ಗೇಟಿನ ಹತ್ತಿರ ಕೆಂಪು ಬಣ್ಣದ ಸಲಹಾ ಪೆಟ್ಟಿಗೆಯೊಂದನ್ನು ಹಾಕಿಸಿದೆ. ತಿಂಗಳು ಬಿಟ್ಟು ಬಂದು ಬೀಗ ತೆಗೆದರೆ ಒಳಗೆ ಒಂದು ಚೀಟಿಯೂ ಇರಲಿಲ್ಲ.

ಯಾಕೆಂದು ಕೇಳಲು ಡ್ರಿಲ್ಲಿಂಗ್ ಮಷೀನಿನ ಶರಣಪ್ಪನ ಬಳಿ ಹೋದೆ. ಗುಲಬರ್ಗಾ ಕಡೆಯವನು, ಕನ್ನಡದಲ್ಲಿ ಮಾತಾಡಬಹುದಿತ್ತು. ನನ್ನನ್ನು ಕಂಡವನೇ ಅವನು ಮಷೀನಿನಿಂದ ಏನನ್ನೋ ಕಿತ್ತು ಊಟದ ಡಬ್ಬಿಯೊಳಗೆ ತುರುಕಿದ. ತೆಗೆಸಿ ನೋಡಿದೆ. ರೊಟ್ಟಿಯ ಕೆಳಗೆ ಅವನೇ ಕೆತ್ತಿದ ಮರದ ತುಂಡು. ಕಬ್ಬಿಣದ ಪಟ್ಟಿಯನ್ನು ಅದಕ್ಕೆ ಒತ್ತಿ ಹಿಡಿದರೆ ಸಾಕು, ಅಳತೆ ಮಾಡದೆಯೇ ತೂತು ಸರಿಯಾದ ಜಾಗಕ್ಕೆ ಬೀಳುತ್ತಿತ್ತು.

"ಇಷ್ಟು ಚೆನ್ನಾಗಿದೆ, ಪೆಟ್ಟಿಗೆಗೆ ಯಾಕೆ ಬರೆದು ಹಾಕಲಿಲ್ಲ?" ಎಂದೆ.

"ಹಾಕಿದ್ರ ನಾಳಿಂದ ಎಲ್ಲಾರ ಹತ್ರ ದಿನಕ್ಕ ಇನ್ನೂ ಜಾಸ್ತಿ ಮಾಲು ಕೇಳ್ತಾರ್ರಿ, ಸಾಹೇಬ್ರ. ಈಗ ನನ್ನ ಕೆಲಸ ಲಗೂನ ಮುಗೀತದ. ಬಾಜೂ ಮಷೀನಿನ ಕಾಕಾಗ ಕಣ್ಣು ಸರಿ ಕಾಣಂಗಿಲ್ಲ. ಉಳದ ಹೊತ್ತಿನ್ಯಾಗ ಅವರ ಮಾಲೂ ನಾನ ಮಾಡತೀನಿ. ಜಾಸ್ತಿ ಕೇಳಿದ್ರ ಅವರು ಮನೀಗೆ ಹೋಗಬೇಕಾಗ್ತದ."

ನಾನು ಆ ತುಂಡನ್ನು ರೊಟ್ಟಿಯ ಕೆಳಗೇ ಇಟ್ಟು ಮುಚ್ಚಳ ಹಾಕಿದೆ.

ಕಾರ್ಮಿಕರಿಗೆ ಹೊಸದೇನೂ ಹೊಳೆಯುತ್ತಿಲ್ಲ, ಇನ್ನಷ್ಟು ತರಬೇತಿ ಬೇಕು ಎಂದು ವರದಿ ಬರೆದೆ. ತರಬೇತಿ ಕೊಡಲು ಕಂಪನಿ ಮತ್ತೆ ನನ್ನನ್ನೇ ಕರೆಸಿತು. ಆ ಸಲ ಶರಣಪ್ಪ ನನಗೂ ಎರಡು ರೊಟ್ಟಿ ತಂದಿದ್ದ.